ಬಿದ್ದವನನ್ನು ನೋಡುವ ಕೆಲಸ

ಆಗ ನನಗೆ ಅರವತ್ತೆರಡು. ಅದಾಗಿ ಈಗ ಹದಿನೆಂಟು ವರ್ಷ ಆಗಿರಬೇಕು, ಒಂದು ಹೆಚ್ಚು ಒಂದು ಕಡಿಮೆ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ, ತಡವಾಗುತ್ತದೆ. ಜಪಾನಿನವರ ಕುಸ್ತಿ ನೋಡಿ ಅದು ಹೇಗಿತ್ತು ಎಂದು ಟೀವಿಯಲ್ಲಿ ಹೇಳುವ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಹಿಡಿದೆ, ಸುಗ್ಗಿ ಬರುವ ಮೊದಲೇ ಬಿಟ್ಟೆ. ಬಿಟ್ಟೆ ಅಂದರೆ ಬಿಡಿಸಿದರು. ಬೆಳಂಬಾರದಲ್ಲಿ ಆ ಸಂಜೆ ನಾನು ಹುಚ್ಚು ಹಿಡಿದು ಬಲೆ ತುಳಿದೆ ಎಂದು ಜನ ಇವತ್ತಿಗೂ ಹೇಳುತ್ತಾರೆ. ಹುಚ್ಚು ಹಿಡಿದಿರಲಿಲ್ಲ. ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ.

ಅಂಕೋಲೆ ಮೀನುಪೇಟೆಯ ಎದುರಿಗೆ ಒಂದು ಚಾ ಅಂಗಡಿ. ಅದರಲ್ಲಿ ಟೀವಿ. ಕಾರವಾರದ ಒಬ್ಬ ಕೇಬಲ್‌ನವನು ತನ್ನದೇ ಒಂದು ಚಾನೆಲ್ ಇಟ್ಟುಕೊಂಡಿದ್ದ. ಭಜನೆ, ಮದುವೆ ಮೆರವಣಿಗೆ, ಸತ್ತವರ ಫೋಟೊ, ಸಿಕ್ಕಿದ್ದನ್ನೆಲ್ಲ ಹಾಕುತ್ತಿದ್ದ. ದೇವಬಾಗದ ಒಬ್ಬ ಹಡಗಿನ ಕೆಲಸದವನು ಜಪಾನಿನ ಬಂದರಿನಿಂದ ಕುಸ್ತಿಯ ಸೀಡಿಗಳನ್ನು ತಂದು ಅವನಿಗೆ ಕೊಟ್ಟಿದ್ದ. ಹಳೆಯವಲ್ಲ, ಆ ವರ್ಷದ ಆಟಗಳೇ. ಶನಿವಾರ ಸಂಜೆ ಒಂದು ಆಟ ಹಾಕಲು ಶುರು ಮಾಡಿದ. ಮೊದಲ ಶನಿವಾರ ನಾನು ಬುಟ್ಟಿ ಕೆಳಗಿಟ್ಟು ಚಾ ಕುಡಿಯುತ್ತಿದ್ದೆ. ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಒಬ್ಬ ಸಪೂರದವನು ಒಬ್ಬ ದಪ್ಪನವನನ್ನು ತಲೆ ಮೇಲೆ ಎತ್ತಿ ಹಿಂದಕ್ಕೆ ಒಗೆದ. ಅಂಗಡಿಯವರೆಲ್ಲ ‘ಅಯ್ಯಯ್ಯೋ’ ಎಂದರು.

‘ಏ, ಎಂತ ಅಯ್ಯಯ್ಯೋ? ಆ ದಪ್ಪನವ ತಾನೇ ಹಾರಿದ. ಇವ ಎತ್ಲೇ ಇಲ್ಲ’ ಎಂದೆ ನಾನು.

ತಿಂಗಳ ಹಣ ಎತ್ತಲು ಬಂದಿದ್ದ ಕೇಬಲ್‌ನವನು ಅಲ್ಲೇ ಮೂಲೆಯಲ್ಲಿ ಕೂತಿದ್ದ. ಎದ್ದು ಬಂದ.

‘ಮಾವಶಿ, ಇದನ್ನೇ ಕ್ಯಾಮೆರಾ ಮುಂದೆ ಕೂತು ಹೇಳ್ತ್ಯಾ?’

‘ಯಂತಕೆ?’

‘ಆಟ ಮುಗಿದ ಮೇಲೆ ಒಂದು ವಿಮರ್ಶೆ ಬೇಕು. ಆ ಜಪಾನಿ ಮಾತು ಇಲ್ಲಿ ಯಾರಿಗೆ ತಿಳೀತದೆ? ನಂಗೂ ತಿಳೂದಿಲ್ಲ.’

‘ನಂಗೆ ತಿಳೀತದೆ ಅಂತ ನಿಂಗೆ ಯಾರು ಹೇಳಿದ್ರು?’

‘ನಿಂಗೆ ಬಾಯಿ ಅದೆ. ಅಷ್ಟು ಸಾಕು.’

ನಮ್ಮಪ್ಪ ಕಡಲದಂಡೆಯ ಹೊಯಿಗೆಯಲ್ಲಿ ಕುಸ್ತಿ ಹಿಡಿಯುತ್ತಿದ್ದವನು. ಆಟ ಮುಗಿದ ಮೇಲೆ ಅವನ ಬೆನ್ನು, ಭುಜ ತಿಕ್ಕುವುದು ನನ್ನ ಪಾಲಿನ ಕೆಲಸವಾಗಿತ್ತು. ನನ್ನ ಕಸುಬು ಮೀನು. ಈ ಕೆಲಸಕ್ಕೆ ನನ್ನಲ್ಲಿದ್ದ ಬಂಡವಾಳ ಅಷ್ಟೇ. ಒಪ್ಪಿಕೊಂಡೆ.

ವಾರಕ್ಕೊಮ್ಮೆ ಮೀನು ಮಾರಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಕಾರವಾರಕ್ಕೆ ಹೋಗುತ್ತಿದ್ದೆ. ಖಾಲಿ ಬುಟ್ಟಿಯ ವಾಸನೆಗೆ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಕಾಲು ಚಾಚಲು ಒಳ್ಳೆಯದಾಯಿತು. ಕೇಬಲ್‌ನವನ ಆಫೀಸು ಎಂದರೆ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆ ನೀಲಿ ಬಟ್ಟೆ, ಎರಡು ದೊಡ್ಡ ಬಲ್ಬು, ಫ್ಯಾನು ಹಾಕಿದರೆ ಮೈಕಿಗೆ ಶಬ್ದ ಬರುತ್ತದೆ ಎಂದು ಫ್ಯಾನು ಬಂದ್. ಬೆವರಿ ಸೆರಗು ಒದ್ದೆಯಾಗುತ್ತಿತ್ತು. ನಾನು ಕ್ಯಾಮೆರಾ ನೋಡುವ ಬದಲು ಟೀವಿ ನೋಡುತ್ತೇನೆ ಎಂದು ಅವನು ಬೈಯುವುದು. ಮಾತು ಮುಗಿಯುವ ಹೊತ್ತಿಗೆ ಕರೆಂಟು ಹೋಗುವುದು. ಮತ್ತೆ ಮೊದಲಿಂದ ಹೇಳು ಅನ್ನುವುದು. ಹೇಳಿದ್ದನ್ನೇ ಹೇಳುವುದು ನನಗೆ ಆಗದ ಕೆಲಸ. ಎರಡನೇ ಸಲ ಬೇರೆಯೇ ಬರುತ್ತಿತ್ತು.

‘ಐದಕ್ಕೆ ಎಷ್ಟು ಸ್ಟಾರ್ ಕೊಡ್ತೆ ಮಾವಶಿ?’ ಎಂದು ಮೊದಲ ದಿನ ಕೇಳಿದ.

‘ಎಂತದು?’

‘ಸಿನಿಮಾಕ್ಕೆ ಪೇಪರ್‌ನಲ್ಲಿ ಕೊಡ್ತಾರಲ್ಲ, ಹಂಗೆ.’

‘ಮೀನಿಗೆ ಐದಕ್ಕೆ ಎಷ್ಟು ಅಂತ ಕೇಳ್ತಾರಾ? ಹಸಿಯಾ, ಐಸಿಂದಾ, ಹಳಸಿದ್ದಾ ಅಂತ ಕೇಳ್ತಾರೆ. ಬೇಕಾದ್ರೆ ಅದನ್ನ ಹೇಳ್ತೆ.’

ಅದೇ ರೂಢಿಯಾಗಿ ನಿಂತಿತು. ಆಟಗಾರರ ಹೆಸರು ನನಗೆ ಓದಲು ಬರುವುದಿಲ್ಲ, ಅವನಿಗೂ ಬರುವುದಿಲ್ಲ, ಸೀಡಿಯ ಮೇಲಿನ ಅಕ್ಷರ ಏಡಿ ನಡೆದ ಹಾಗಿತ್ತು. ಹಾಗಾಗಿ ನಾನೇ ಮೀನಿನ ಹೆಸರಿಟ್ಟೆ. ಅಗಲಕ್ಕೆ ಚಪ್ಪಟೆಗೆ ಇದ್ದವನು ತೊರಕೆ. ಉದ್ದಕ್ಕೆ, ಬೂದು ಚಡ್ಡಿ ಹಾಕಿದವನು ಮೋರಿ, ಅಂದರೆ ಶಾರ್ಕು. ಜನಕ್ಕೆ ಆ ಹೆಸರುಗಳೇ ಬಾಯಿಗೆ ಬಂದವು.

ಮೊದಲನೇ ವಾರ ನಾನು ಹೇಳಿದ್ದು ಹೀಗೆ: ‘ಇವರಿಬ್ರೂ ಮೊದಲೇ ಮಾತಾಡ್ಕೊಂಡಿದ್ದಾರೆ. ಯಾರು ಗೆಲ್ಲೂದು ಅಂತ ಮನೆಯಿಂದ ಹೊರಡೂವಾಗ್ಲೇ ಇವರಿಗೆ ಗೊತ್ತು. ಎತ್ತೂವವನ ಕೈ ನೋಡ್ಬೇಡಿ. ಎತ್ತಿಸಿಕೊಳ್ಳೂವವನ ಹಿಮ್ಮಡಿ ನೋಡಿ. ಅವನೇ ನೆಲ ಒದ್ದು ಮೇಲೆ ಹೋಗ್ತಾನೆ. ಇದು ಕುಸ್ತಿ ಅಲ್ಲ. ಸುಳ್ಳು. ಹಳಸಿದ್ದು.’

ಶನಿವಾರ ಅದು ಬಂದದ್ದೇ ತಡ, ಅವನ ಫೋನು ನಿಲ್ಲಲಿಲ್ಲವಂತೆ. ಆ ಮುದುಕಿ ಹಗ್ಗದ ಒಳಗೆ ಹೋಗಿ ಒಂದು ಏಟು ತಿಂದು ಬರಲಿ ಎಂದು ಸುಂಕಸಾಳದವನೊಬ್ಬ ಹೇಳಿದನಂತೆ. ಅಜ್ಜಿ ಹೇಳಿದ್ದು ಸಮ, ನಾವು ಮೋಸ ಹೋಗಿದ್ದೆವು ಎಂದು ಇನ್ನೊಬ್ಬ. ಬೈಯಲಿಕ್ಕಾದರೂ ಎಲ್ಲರೂ ನೋಡುತ್ತಾರೆ ಎಂದು ಕೇಬಲ್‌ನವನಿಗೆ ಸಂತೋಷ. ನನಗೆ ಇಲ್ಲ. ಯಾಕೆಂದರೆ ಎರಡನೇ ವಾರವೂ ಮೂರನೇ ವಾರವೂ ನಾನು ಅದನ್ನೇ ಹೇಳಬೇಕಾಯಿತು. ಸುಳ್ಳು ಎನ್ನುವುದನ್ನು ಎಷ್ಟು ಸಲ ಹೇಳುವುದು? ಕಲ್ಲು ಕಲ್ಲೇ ಎಂದು ದಿನಾ ಹೇಳಿದ ಹಾಗೆ. ಆಟ ಬೇರೆ ಬೇರೆ, ನನ್ನ ಬಾಯಲ್ಲಿ ಬರುವುದು ಒಂದೇ ಮಾತು. ಅದು ವಿಮರ್ಶೆ ಅಲ್ಲ ಎಂದು ನನಗೇ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಬೆಳಂಬಾರದ ಗಂಡಸರು ಸಂಜೆ ಬೇಲೆಯ ಮೇಲೆ, ಅಂದರೆ ದಂಡೆಯ ಹೊಯಿಗೆಯಲ್ಲಿ, ಜಪಾನ್ ಕುಸ್ತಿ ಆಡಲು ಶುರು ಮಾಡಿದರು. ಪೇಟೆಯಲ್ಲಿ ನನ್ನ ಪಕ್ಕಕ್ಕೆ ಬುಟ್ಟಿ ಇಟ್ಟು ಕೂರುವವಳು ಅದೇ ಊರಿನವಳು. ಗಂಡ ರಂಪಣಿ ಬಲೆ ಎಳೆಯುವವ, ಸಣ್ಣಗೆ ಬಿಗಿಯಾಗಿ ಇದ್ದ. ಒಂದು ದಿನ ಅವಳು ಬಂಗಡೆ ಹರವುತ್ತ ಹೇಳಿದಳು:

‘ಅಜ್ಜಿ, ಕೇಬಲ್‌ನವ್ರು ನಮ್ಮ ಬೇಲೆ ಮೇಲೆ ಜಪಾನ್ ಕುಸ್ತಿ ಇಡ್ತ್ರಂತೆ. ಟೀವಿಲಿ ಬರೂದು. ನಮ್ಮನೆಯವ್ರನ್ನ ತಕಂಡ್ರು.’

‘ಯಾವ ಬದಿಗೆ?’

‘ಬೀಳೂ ಬದಿಗೆ. ಹಗುರ ಇದ್ರಲ್ಲ. ಐಸ್ ಫ್ಯಾಕ್ಟರಿಲಿ ಕೆಲಸ ಮಾಡ್ತ್ನಲ್ಲ ಆ ದೊಡ್ಡ ಜೀವದವ, ಅವ ಎತ್ತಿ ಹಾಕೂದು.’

‘ಹೆಂಗೆ ಹಾಕೂದು?’

‘ತಲೆ ಕೆಳಗ್ ಮಾಡಿ. ಆ ಮೋರಿಗೆ ಹಾಕ್ತ್ರಲ್ಲ, ಹಂಗೆ.’

‘ನಿಂಗೆ ಹೆದ್ರಿಕೆ ಇಲ್ವನೆ?’

ಅವಳು ನಕ್ಕಳು. ‘ಎಂತ ಹೆದ್ರಿಕೆ? ಸುಳ್ಳು ಅಲ್ದಾ? ನೀನೇ ಹೇಳಿದ್ಯಲ್ಲ ಅಜ್ಜಿ.’

ನಾನು ಸುಳ್ಳು ಎಂದದ್ದು ಗೆಲುವಿಗೆ. ಇವಳು ಕೇಳಿಸಿಕೊಂಡದ್ದು ನೋವಿಗೆ. ನೋವಿನ ಕಡೆಗೆ ನಾನು ನೋಡಿಯೇ ಇರಲಿಲ್ಲ.

ಆ ವಾರ ಕಾರವಾರಕ್ಕೆ ಹೋದಾಗ ಬೇರೆ ಥರ ನೋಡಿದೆ. ಮೊದಲು ಶಬ್ದ ಬಂದ್ ಮಾಡಿಸಿದೆ. ಒಂದು ಸಲ ಪೂರ್ತಿ ಆಟ ತೊರಕೆಯನ್ನು ಮಾತ್ರ ನೋಡಿದೆ. ಇನ್ನೊಂದು ಸಲ ಮೋರಿಯನ್ನು ಮಾತ್ರ. ಮೂರನೇ ಸಲ ಶಬ್ದ ಹಾಕಿಸಿ ಕಣ್ಣು ಮುಚ್ಚಿ ಕೂತೆ.

‘ನಿದ್ದೆ ಬಂತಾ ಮಾವಶಿ?’

‘ಬಾಯ್ಮುಚ್ಚು. ನೆಲ ಕೇಳ್ತಾ ಇದ್ದೆ.’

ಅವರ ನೆಲ ಟೊಳ್ಳು. ಬಿದ್ದಾಗ ‘ಧಡ್’ ಎಂದು ಆಗಿ ಹಿಂದೆಯೇ ಇನ್ನೊಂದು ಸಣ್ಣ ಶಬ್ದ ಬರುತ್ತದೆ. ಹಲಗೆ ಒಂದು ಸಲ ತಗ್ಗಿ ಮೇಲೆದ್ದದ್ದು ಅದು. ಮೇಲೆ ಹಾಸಿದ್ದು ತೆಳ್ಳಗೆ, ಬಿಗಿಯಾಗಿ. ಎತ್ತುವವನ ಪಾದ ಅದರಲ್ಲಿ ಹೂತುಹೋಗುವುದಿಲ್ಲ. ಇದನ್ನು ಕೇಳಿದ ಮೇಲೆ ಕಣ್ಣು ಬಿಟ್ಟು ಕೈಗಳನ್ನು ನೋಡಿದೆ. ಬೀಳುವವನು ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಾನೆ. ಬೀಳುವ ಹೊತ್ತಿಗೆ ಎರಡೂ ಕೈ ಅಗಲಿಸಿ ನೆಲಕ್ಕೆ ಹೊಡೆಯುತ್ತಾನೆ, ಭಾರ ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಒಗೆಯುವವನು ಒಗೆಯುವುದೇ ಇಲ್ಲ. ಮೊದಲು ತನ್ನ ಮೊಣಕಾಲು ಮಡಚುತ್ತಾನೆ, ಅವನ ತಲೆಯನ್ನು ತನ್ನ ತೊಡೆಗಳ ನಡುವೆ ನೆಲಕ್ಕೆ ತಾಗದ ಹಾಗೆ ಇಟ್ಟುಕೊಂಡು ತಾನು ಕೂರುತ್ತಾನೆ. ನೋಡುವವರಿಗೆ ತಲೆ ಒಡೆದ ಹಾಗೆ ಕಾಣುತ್ತದೆ, ಅಷ್ಟೇ. ಮೊಟ್ಟೆಯ ಬುಟ್ಟಿ ಇಳಿಸುವವರೂ ಅಷ್ಟು ಜೋಪಾನ ಮಾಡುವುದಿಲ್ಲ.

ಮೂರು ವಾರ ನಾನು ಇದನ್ನು ಬಿಟ್ಟು ಮೇಲೆ ಹೋಗುವ ಹಿಮ್ಮಡಿಯನ್ನೇ ನೋಡಿದ್ದೆ.

ಆಟದ ಕೊನೆಗೆ ಒಂದು ಕಡೆ ನಿಲ್ಲಿಸು ಎಂದೆ. ತೊರಕೆ ಮೋರಿಯನ್ನು ತಲೆಕೆಳಗೆ ಮಾಡಿ ಕೂತದ್ದು. ಅವತ್ತು ಇಬ್ಬರೂ ಬೆವರಿದ್ದರು. ತೊರಕೆಯ ಹಿಡಿತ ಜಾರಿತು. ಮೋರಿಯ ತಲೆ ನಾಲ್ಕು ಬೆರಳಿನಷ್ಟು ಕೆಳಗೆ ಇಳಿದಿತ್ತು, ಅಷ್ಟೇ. ಬಿದ್ದ. ಕೈ ನೆಲಕ್ಕೆ ಹೊಡೆಯಲಿಲ್ಲ.

‘ಹಿಂದೆ ಹೋಗು.’

ಹೋದ.

‘ಇನ್ನೊಂದ್ಸಲ.’

‘ಮಾವಶಿ, ಸೀಡಿ ಗೀರಿ ಹೋಗ್ತದೆ.’

‘ಹೋಗ್ಲಿ. ಅವನ ಎಡಗೈ ಬೆರಳು ನೋಡು. ಮುಚ್ಚಿಕೊಳ್ತಾ ಇಲ್ಲ.’

ರೆಫ್ರಿ ಬಗ್ಗಿ ಸುಮ್ಮನೆ ಕೈ ಮುಟ್ಟಿದ ಹಾಗೆ ಮಾಡಿ ಮೋರಿಯ ಬೆರಳು ಒತ್ತಿದ. ಮೋರಿ ತಿರುಗಿ ಒತ್ತಲಿಲ್ಲ. ರೆಫ್ರಿ ಇನ್ನೊಂದು ಕೈ ಒತ್ತಿದ, ಅದು ಮೆಲ್ಲಗೆ ಒತ್ತಿತು. ರೆಫ್ರಿ ತೊರಕೆಯ ಕಿವಿಯ ಹತ್ತಿರ ಹೋಗಿ ಬಂದ. ಆಮೇಲೆ ತೊರಕೆ ಸುಮ್ಮನೆ ಅವನ ಮೇಲೆ ಅಡ್ಡ ಮಲಗಿ ಆಟ ಮುಗಿಸಿದ. ಜನ ಚಪ್ಪಾಳೆ ತಟ್ಟುತ್ತಿದ್ದರು. ತೊರಕೆ ಗೆದ್ದವನು, ಆದರೆ ಕೈ ಎತ್ತಲಿಲ್ಲ, ಮೋರಿಯ ಕುತ್ತಿಗೆಯನ್ನೇ ನೋಡುತ್ತ ನಿಂತಿದ್ದ. ಮೋರಿಯನ್ನು ಹಲಗೆಯ ಮೇಲೆ ಮಲಗಿಸಿ ಹೊತ್ತುಕೊಂಡು ಹೋದರು. ಅಲ್ಲಿಗೆ ಸೀಡಿ ಮುಗಿಯಿತು. ಮೋರಿ ಎದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹಡಗಿನವನು ಆಮೇಲೆ ತಂದ ಸೀಡಿಗಳಲ್ಲಿ ಅವನು ಇರಲಿಲ್ಲ.

ವರ್ಷಗಟ್ಟಲೆ ಬಿದ್ದು ಬಿದ್ದು ಕಲಿತವರು ನಾಲ್ಕು ಬೆರಳು ತಪ್ಪಿದ್ದಕ್ಕೆ ಹೀಗಾಯಿತು. ಇಲ್ಲಿ ಐಸ್ ಹೊರುವವನು ಬಲೆ ಎಳೆಯುವವನನ್ನು ತಲೆಕೆಳಗೆ ಎತ್ತುತ್ತಾನೆ.

ಅವತ್ತು ಕ್ಯಾಮೆರಾ ನೋಡಿಯೇ ಹೇಳಿದೆ. ‘ಗೆಲ್ಲೂದು ಸೋಲೂದು ಇವರು ಮಾತಾಡ್ಕೊಂಡದ್ದೇ. ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ನೆಲದ ಹತ್ರ ಯಾರೂ ಮಾತಾಡ್ಕೊಂಡಿಲ್ಲ. ಬಿದ್ದವನ ಕೈ ನೋಡಿ. ಸತ್ತಿದೆ. ನಮ್ಮ ಕಡೆ ಇದನ್ನ ಆಡ್ಲಿಕ್ಕೆ ಹೊರಟವ್ರು ಕಣ್ಣಿದ್ರೆ ನೋಡಿ. ಆಡ್ಬೇಡಿ.’ ಹಸಿ, ಐಸು ಅಂತ ಅವತ್ತು ಏನೂ ಹೇಳಲಿಲ್ಲ. ಆ ಬೆರಳನ್ನು ಮೂರು ಸಲ ತೋರಿಸು ಎಂದು ಕೇಬಲ್‌ನವನಿಗೆ ಹೇಳಿ ಬಸ್ಸು ಹತ್ತಿದೆ.

ಶನಿವಾರ ಚಾ ಅಂಗಡಿಯಲ್ಲಿ ಕೂತು ನೋಡಿದೆ. ಆಟ ಬಂತು. ನಾನು ಬಂದೆ. ‘ಗೆಲ್ಲೂದು ಸೋಲೂದು ಇವರು ಮಾತಾಡ್ಕೊಂಡದ್ದೇ. ಅದ್ರಲ್ಲಿ ಅನುಮಾನ ಇಲ್ಲ’ ಎಂದೆ. ಅಲ್ಲಿಗೆ ನನ್ನನ್ನು ತೆಗೆದು ಬೆಳಂಬಾರದ ಆಟದ ಜಾಹೀರಾತು ಹಾಕಿದ. ಅದರ ಬೆನ್ನಿಗೆ ಸತ್ತವರ ಫೋಟೊ.

ಬೂತಿಗೆ ಹೋಗಿ ಫೋನು ಹಾಕಿದೆ.

‘ಎಲ್ಲಿ ಹೋಯ್ತೋ ಆ ಬೆರಳು?’

‘ಟೈಮ್ ಸಾಕಾಗ್ಲಿಲ್ಲ ಮಾವಶಿ.’

‘ಸತ್ತವರಿಗೆ ಟೈಮ್ ಇತ್ತಲ್ಲ.’

‘ನೋಡು, ಹಲಗೆ ತಂದಾಯ್ತು, ಮೈಕು ಹೇಳಿ ಆಯ್ತು. ಶೋ ಆದ ಮೇಲೆ ನಿಂದು ಪೂರ್ತಿ ಹಾಕ್ವ.’

‘ಆಮೇಲೆ ಯಾರಿಗೆ ಹಾಕ್ತ್ಯೋ?’

ಇಟ್ಟುಬಿಟ್ಟ.

ಮರುದಿನ ಬೆಳಂಬಾರಕ್ಕೆ ಹೋದೆ. ಪಕ್ಕದ ಬುಟ್ಟಿಯವಳ ಗಂಡ ಅಂಗಳದಲ್ಲಿ ಮೈಗೆ ಎಣ್ಣೆ ಹಚ್ಚುತ್ತ ಕೂತಿದ್ದ. ಟೀವಿಯಲ್ಲಿ ಬರಲಿದ್ದೇನೆ ಎಂದು ಆಗಲೇ ಮೀಸೆ ಸಣ್ಣ ಮಾಡಿಕೊಂಡಿದ್ದ. ಗದ್ದ ಎದೆಗೆ ಒತ್ತಿಕೊ ಎಂದೆ. ಕೈಯಿಂದ ನೆಲಕ್ಕೆ ಹೊಡೆಯುವುದನ್ನು ತೋರಿಸಿದೆ. ಆ ವಯಸ್ಸಿಗೆ ಅವರ ಅಂಗಳದಲ್ಲಿ ಮಲಗಿ ತೋರಿಸಿದೆ.

‘ಅಜ್ಜಿ, ಏಳು ಏಳು. ನೀನೇ ಬಾ ಬೀಳೂಕೆ’ ಎಂದು ನಕ್ಕ. ‘ಸುಳ್ಳಿಗೆ ಯಾರಾರೂ ಸಾಯ್ತ್ರಾ?’

‘ಸುಳ್ಳು ಕಲೀಲಿಕ್ಕೆ ಅವರಿಗೆ ಹತ್ತು ವರ್ಷ ಹಿಡೀತದೆ. ನೀನು ಎಷ್ಟು ದಿನ ಕಲ್ತೆ?’

‘ನಾ ಸಮುದ್ರದಲ್ಲಿ ಬಿದ್ದವ ಅಜ್ಜಿ. ಬೀಳೂಕೆ ಬತ್ತದೆ.’

ಐಸ್ ಫ್ಯಾಕ್ಟರಿಯವನನ್ನೂ ಹುಡುಕಿ ಹೋದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ನೀನು ಎತ್ತಿದ ಮೇಲೆ ಮೊದಲು ಏನು ಮಾಡುತ್ತೀ ಎಂದು ಕೇಳಿದೆ. ‘ಬಿಡ್ತೆ’ ಎಂದ. ಮೊಣಕಾಲು? ‘ಮೊಣಕಾಲು ಎಂತಕೆ? ಕೆಳಗೆ ಮೆತ್ತಗೆ ಹಾಸ್ತ್ರಂತೆ. ಗಟ್ಟಿ ಹಾಕು, ಶಬ್ದ ಬರ್ಲಿ ಅಂದಿದ್ದಾರೆ.’ ಅವನು ಐಸಿನ ಗಡ್ಡೆ ಇಳಿಸಿದ್ದನ್ನು ನಾನು ನೋಡಿದ್ದೇನೆ. ಕೈ ಬಿಡುತ್ತಾನೆ, ಅದು ಬೀಳುತ್ತದೆ. ಅವನಿಗೆ ತಿಳಿದದ್ದು ಅದು.

ಆಟದ ದಿನ ಸಂಜೆ ಹೊತ್ತು ಇಳಿಯುವ ಮೊದಲು ಬೇಲೆ ತುಂಬ ಜನ. ಬೆಂಚುಗಳ ಮೇಲೆ ಹಲಗೆ ಹೊಡೆದು, ದೋಣಿಯ ಹಗ್ಗ ಸುತ್ತ ಕಟ್ಟಿ ಕಟ್ಟೆ ಮಾಡಿದ್ದರು. ಹಲಗೆಯ ಮೇಲೆ ರಂಪಣಿಯ ಬಲೆ ಮಡಚಿ ದಪ್ಪಗೆ ಹಾಸಿದ್ದರು, ಅದರ ಮೇಲೆ ತಾಡಪತ್ರಿ. ಬಲೆ ಕೊಟ್ಟವನು ತಾಂಡೇಲ, ಅಂದರೆ ಆ ಬಲೆಯ ತಂಡಕ್ಕೆಲ್ಲ ಯಜಮಾನ. ಬಲೆ ಎಂದ ಮೇಲೆ ನಮ್ಮಲ್ಲಿ ಕಟ್ಟುಪಾಡು ಇದೆ. ಚಪ್ಪಲಿ ಬಿಟ್ಟು, ಮುಟ್ಟಿ ಹಣೆಗೆ ಹಚ್ಚಿಕೊಂಡೇ ಗಂಡಸರು ಹತ್ತಬೇಕು. ಹೆಂಗಸು ಅದನ್ನು ತುಳಿಯಬಾರದು, ದಾಟಬಾರದು. ತುಳಿದರೆ ಬೆಳಿಗ್ಗೆ ಕಾಯಿ ಒಡೆದು ತೀರ್ಥ ಚಿಮುಕಿಸುವವರೆಗೆ ಯಾವ ಗಂಡಸೂ ಅದರ ಮೇಲೆ ಕೈ ಕಾಲು ಇಡುವುದಿಲ್ಲ. ತಾಂಡೇಲ ತಾನೇ ಮೈಕಿನಲ್ಲಿ ಹೇಳಿದ: ‘ಕೆಳಗೆ ಬಲೆ ಅದೆ. ಹೆಂಗಸ್ರು, ಹೆಣ್ಣುಮಕ್ಕಳು ದೂರ ಕೂತ್ಕಳಿ.’

ನನಗೆ ಕಟ್ಟೆಯ ಪಕ್ಕ ಒಂದು ಕುರ್ಚಿ ಹಾಕಿದ್ದರು. ಆಟ ಮುಗಿದ ಮೇಲೆ ಹಸಿಯೋ ಹಳಸಿದ್ದೋ ಹೇಳಬೇಕು. ನಾನು ಕೂರುವ ಮೊದಲು ತಾಡಪತ್ರಿಯ ಅಂಚು ಎತ್ತಿ ಇಣುಕಿದೆ. ಬಲೆಯ ಕೆಳಹಗ್ಗ ಬಿಚ್ಚದೆ ಹಾಗೆಯೇ ಮಡಚಿದ್ದರು. ನೀರಿಗೆ ಬಲೆ ಇಳಿಯಲು ಆ ಹಗ್ಗಕ್ಕೆ ಸಾಲಾಗಿ ಸೀಸದ ಗುಂಡು ಕಟ್ಟಿರುತ್ತಾರೆ. ಅವೆಲ್ಲ ನಡುವಿನಲ್ಲೇ ಗುಂಪಾಗಿ ಬಿದ್ದಿದ್ದವು. ತಾಡಪತ್ರಿಯ ಮೇಲಿಂದ ನೋಡಿದರೆ ಹಾಸಿಗೆ. ಅದರ ಮೇಲೆ ಭಾರದವನು ನಿಂತರೆ ಪಾದ ಹೂತು ತೂಗಾಡುತ್ತಾನೆ. ತಲೆ ಬಿದ್ದರೆ ಸೀಸದ ಮೇಲೆ.

ಕೇಬಲ್‌ನವನನ್ನು ಕರೆದೆ. ‘ಇದನ್ನ ತೆಗಿಸು.’

‘ಈಗ್ಲಾ? ಜನ ನೋಡು ಮಾವಶಿ! ಕೂತ್ಕೋ.’

ಆಗ ನನಗೆ ಒಂದು ಉಪಾಯ ಹೊಳೆಯಿತು. ಆಟದ ಗುಟ್ಟು ಬಿಟ್ಟುಕೊಟ್ಟರೆ ಜನ ಎದ್ದು ಹೋಗುತ್ತಾರೆ, ಆಟ ನಿಲ್ಲುತ್ತದೆ. ಅವನ ಕೈಯಿಂದ ಮೈಕು ಕಿತ್ತುಕೊಂಡೆ.

‘ಎಲ್ಲರೂ ಕೇಳಿ! ಐಸ್ ಫ್ಯಾಕ್ಟರಿಯವನೇ ಗೆಲ್ಲೂದು. ಕೊನೆಗೆ ತಲೆಕೆಳಗೆ ಮಾಡಿ ಹಾಕ್ತಾನೆ. ಎಲ್ಲ ಮೊದಲೇ ಮಾತಾಗಿದೆ. ನೋಡ್ಲಿಕ್ಕೆ ಎಂತದೂ ಇಲ್ಲ. ಮನೆಗೆ ಹೋಗಿ!’

ಇಡೀ ಬೇಲೆ ನಕ್ಕಿತು.

‘ಗೊತ್ತದೆ ಅಜ್ಜಿ!’ ಎಂದು ಹಿಂದಿನಿಂದ ಒಬ್ಬ ಕೂಗಿದ. ‘ಬಯಲಾಟದಲ್ಲಿ ಕೌರವ ಸಾಯೂದು ಗೊತ್ತಿದ್ದೇ ಬೆಳಗಿನ ತನಕ ಕೂತ್ಕಳ್ತೆವಲ್ಲ!’

‘ಹೆಂಗೆ ಬೀಳ್ತ್ನಂತ ನೋಡೂಕೇ ಬಂದದ್ದು!’ ಎಂದ ಇನ್ನೊಬ್ಬ. ಚಪ್ಪಾಳೆ, ಸಿಳ್ಳೆ.

ನನ್ನ ಉಪಾಯ ಹಿಂದಿನಿಂದ ಬಂದು ನನಗೇ ಒದೆಯಿತು. ಹೆಂಗಸರ ಗುಂಪಿನಲ್ಲಿ ಪಕ್ಕದ ಬುಟ್ಟಿಯವಳೂ ನಗುತ್ತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಅವಳ ಗಂಡ ತಾಡಪತ್ರಿ ಮುಟ್ಟಿ ಹಣೆಗೆ ಹಚ್ಚಿಕೊಂಡು ಹಗ್ಗದ ಒಳಗೆ ಹೋದ. ಐಸಿನವನೂ ಹೋದ. ಅವನು ನಡೆದ ಹೆಜ್ಜೆಗೆ ತಾಡಪತ್ರಿ ಗುಳಿ ಗುಳಿ ಬಿತ್ತು. ನಡುವಿಗೆ ಬಂದು ನಿಂತಾಗ ಎಡಕ್ಕೆ ವಾಲಿ ಕೈ ಅಗಲಿಸಿ ಸಾವರಿಸಿಕೊಂಡ. ಬರೀ ನಿಲ್ಲುವುದಕ್ಕೇ ವಾಲಿದ. ವಿಮರ್ಶೆ ಹೇಳುವವಳಾಗಿ ನಾನು ಕೊನೆಯದಾಗಿ ನೋಡಿದ್ದು ಅದು. ಇನ್ನು ಹೇಳುವುದರಿಂದ ಆಗುವುದು ಏನೂ ಇರಲಿಲ್ಲ. ಬಾಯಿಂದ ಶುರುವಾದ ಕೆಲಸ ಬಾಯಿಂದ ನಿಲ್ಲುವ ಹಾಗೆ ಕಾಣಲಿಲ್ಲ.

ನಾನು ಬಲೆ ತುಳಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಮೀನು ಕೊಳ್ಳುವುದೇ ಆ ತಾಂಡೇಲನ ಬಲೆಯಿಂದ. ಕುರ್ಚಿಯ ಮೇಲೆ ಕಾಲಿಟ್ಟೆ, ಅಲ್ಲಿಂದ ಕಟ್ಟೆಯ ಅಂಚಿಗೆ, ಹಗ್ಗದ ಕೆಳಗೆ ಬಗ್ಗಿ ಒಳಗೆ. ಚಪ್ಪಲಿ ಬಿಡಲಿಲ್ಲ. ಬಲೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಸೀಸ ಚಪ್ಪಲಿಯ ಕೆಳಗೂ ಚುಚ್ಚಿತು. ತಿರುಗಿ ನಡುವಿಗೆ ಬಂದು ನಿಂತೆ.

ನಗು ನಿಂತಿತು. ಐಸ್ ಫ್ಯಾಕ್ಟರಿಯವನು ಹಾವು ಕಂಡವನ ಹಾಗೆ ಹಗ್ಗ ಹಾರಿ ಕೆಳಗಿಳಿದ. ಬೀಳಬೇಕಾದವನು ಮಾತ್ರ ಬಾಯಿ ಬಿಟ್ಟು ನಿಂತಿದ್ದ.

‘ಇಳಿಯೋ!’ ಎಂದು ತಾಂಡೇಲ ಅವನಿಗೆ ಕೂಗಿದ. ಅವನು ಇಳಿದ.

ತಾಂಡೇಲ ನನ್ನ ಕಡೆ ತಿರುಗಿದ. ಕೂಗಲಿಲ್ಲ. ‘ಅಕ್ಕಾ, ಗೊತ್ತಿದ್ದೇ ತುಳಿದ್ಯಾ?’

‘ಗೊತ್ತಿದ್ದೇ.’

‘ಯಂತಕೆ?’

‘ಆ ತಾಡಪತ್ರಿ ಎತ್ತಿ ಸೀಸ ನೋಡು. ಆಮೇಲೆ ಕೇಳು.’

‘ಇನ್ನು ನಾ ಮುಟ್ಟೂಕೆ ಆಗೂದಿಲ್ಲ, ಬೆಳಗಿನ ತನಕ’ ಎಂದ. ಹಾಗೆ ಹೇಳಿದವನ ಮುಖ ನನಗೆ ಇನ್ನೂ ನೆನಪಿದೆ. ಸಿಟ್ಟಿನಲ್ಲಿ ಕಪ್ಪಾಗಿತ್ತು.

ಬಲೆ ಬಿಟ್ಟು ಹೊಯಿಗೆಯ ಮೇಲೆ ಆಡಿ ಎಂದು ಕೇಬಲ್‌ನವನು ಅಳುವ ದನಿಯಲ್ಲಿ ಹೇಳಿದ. ಬಲೆ ಕೆಟ್ಟ ದಿನ ಈ ಬೇಲೆ ಮೇಲೆ ಯಾವ ಆಟವೂ ಇಲ್ಲ ಎಂದು ತಾಂಡೇಲ ಹೇಳಿಬಿಟ್ಟ. ಐಸಿನವನು ಅಷ್ಟು ಹೊತ್ತಿಗೆ ಅಂಗಿ ಹಾಕಿಕೊಂಡು ಮನೆ ದಾರಿ ಹಿಡಿದಿದ್ದ. ಜನ ನನ್ನನ್ನು ಬೈಯುತ್ತ ಎದ್ದರು. ಹೊಯಿಗೆ ಎರಚಿದರು. ಯಾರೋ ಕುರ್ಚಿ ಒದ್ದರು. ಕುರ್ಚಿ ಇಲ್ಲದೆ ಇಳಿಯುವುದು ನನಗೆ ಕಷ್ಟವಾಯಿತು, ಕುಳಿತು ಜಾರಿ ಇಳಿದೆ.

‘ಇನ್ನು ಕಾರವಾರಕ್ಕೆ ಬರೂದು ಬೇಡ ಮಾವಶಿ’ ಎಂದ ಕೇಬಲ್‌ನವನು.

‘ಬರೂದಿಲ್ಲ. ಆ ಬೆರಳು ಮಾತ್ರ ಹಾಕು.’

ಅವನು ಹಾಕಲಿಲ್ಲ, ಕೊನೆಗೂ.

ಪಕ್ಕದ ಬುಟ್ಟಿಯವಳು ಸೀರೆ ಎತ್ತಿ ಕಟ್ಟಿಕೊಂಡು ಬಂದಳು. ‘ನಮ್ಮನೆಯವ್ರ ಹೆಸ್ರು ಒಂದ್ಸಲ ಮೈಕಲ್ಲಿ ಬರೂದು ನಿಂಗೆ ಕಣ್ಣು ಚುಚ್ಚಿತನೆ ಅಜ್ಜಿ?’ ಎಂದಳು. ಸೀಸದ ಸುದ್ದಿ ಹೇಳಲು ಹೊರಟೆ. ಕೇಳುವ ಹಾಗೆ ಇರಲಿಲ್ಲ ಅವಳು. ‘ಸುಳ್ಳು ಅಂದವಳೂ ನೀನೇ, ಈಗ ಸಾಯ್ತಾನೆ ಅನ್ನೂವವಳೂ ನೀನೇ. ಯಾವ ಬಾಯಿ ನಂಬೂದು?’ ಅದಕ್ಕೆ ನನ್ನಲ್ಲಿ ಉತ್ತರ ಇತ್ತು, ಆದರೆ ಉದ್ದದ್ದು. ಅಷ್ಟು ಉದ್ದದ ಉತ್ತರ ಬೇಲೆ ಮೇಲೆ ನಿಂತು ಹೇಳುವುದಲ್ಲ.

ಮರುದಿನ ಬೆಳಿಗ್ಗೆ ಎದ್ದು ಬೆಳಂಬಾರದ ಬೇಲೆಗೆ ಬುಟ್ಟಿ ಹಿಡಿದು ಹೋದೆ. ಕಾಯಿ ಒಡೆದಾಗಿತ್ತು. ಬಲೆಯನ್ನು ಹಲಗೆಯಿಂದ ಇಳಿಸಿ ನೀರಿಗೆ ಎಳೆದು ತೊಳೆಯುತ್ತಿದ್ದರು. ತಾಂಡೇಲ ನನ್ನನ್ನು ಕಂಡು, ಈ ವರ್ಷ ನನ್ನ ಬುಟ್ಟಿಗೆ ಈ ಬಲೆಯ ಮೀನು ಇಲ್ಲ ಎಂದು ಕೈಯಲ್ಲೇ ತೋರಿಸಿದ. ವಾದ ಮಾಡಲಿಲ್ಲ. ಬಸ್ಸು ಹತ್ತಿ ಕಾರವಾರದ ಬಂದರಿಗೆ ಹೋಗಿ ಸಿಕ್ಕಷ್ಟು ಬಂಗಡೆ ಹಿಡಿದು, ಹೊತ್ತು ಏರಿದ ಮೇಲೆ ಅಂಕೋಲೆ ಪೇಟೆಗೆ ಬಂದು ನನ್ನ ಜಾಗದಲ್ಲಿ ಕೂತೆ. ಪಕ್ಕದವಳು ಬರುವುದು ಅವತ್ತು ತಡವಾಯಿತು. ಅವಳ ಬುಟ್ಟಿಯನ್ನು ಗಂಡ ತಲೆಯ ಮೇಲೆ ಹೊತ್ತು ತಂದಿದ್ದ. ಇಳಿಸಿದ. ಹೋಗುವಾಗ ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ನನ್ನನ್ನು ನೋಡಿ ಉಗುಳಿದ. ಕುತ್ತಿಗೆ ಚೆನ್ನಾಗಿ ತಿರುಗುತ್ತಿತ್ತು. ನಾನು ಬಂಗಡೆಗೆ ನೀರು ಚಿಮುಕಿಸಿ ಗಿರಾಕಿಗಳನ್ನು ಕೂಗಿದೆ.